ಅಪ್ಪಂಗೆ ನೀರು ಕುಡಿದ್ರೂ ನೆತ್ತಿಗೆ ಹತ್ತುತ್ತೆ, ರಾಗಿಯಲ್ಲಿ ಶಕ್ತಿ ಬರೋ ಅಂಥ ಕುಡಿಯೋ ಐಟಂ ಮಾಡೋದು ಹೇಗೆ?

ಹೇಮಾವತಿ_ದಂಡೆ:
ಎಲ್ರಿಗೂ ನಮಸ್ಕಾರ. ಪೋಸ್ಟು ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ. ನಾವು ಹಾಸನದ ಕಡೆಯೋರು, ನಮ್ಮಪ್ಪಂಗೆ 78 ವರ್ಷ. ಮಾರ್ಚಲ್ಲಿ ಸ್ಟ್ರೋಕ್ ಆಯ್ತು. ಕೈ ಕಾಲು ಈಗ ಪರ್ವಾಗಿಲ್ಲ, ವಾಕರ್ ಹಿಡ್ಕೊಂಡು ಹಜಾರದಿಂದ ಬಚ್ಚಲುಮನೆ ತನಕ ಹೋಗ್ತಾರೆ, ಆದ್ರೆ ನುಂಗೋದು ಮಾತ್ರ ಸರಿ ಹೋಗ್ಲಿಲ್ಲ. ವಿಚಿತ್ರ ಏನಂದ್ರೆ ಅನ್ನ ಸಾರು ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿ ಕೊಟ್ರೆ ಇಳಿಯುತ್ತೆ, ಬರೀ ನೀರು ಕೊಟ್ರೆ ನೆತ್ತಿಗೆ ಹತ್ತುತ್ತೆ. ಮೊದಮೊದ್ಲು ಅಮ್ಮ ನೆತ್ತಿ ತಟ್ಟಿ ಯಾರೋ ನೆನೆಸ್ಕೋತಿದಾರೆ ಬಿಡಿ ಅಂತಿದ್ರು. ಎರಡು ವಾರ ಹಂಗೇ ಯಾರೋ ನೆನೆಸ್ಕೊಂಡ್ರು, ಮೂರನೇ ವಾರ ನ್ಯುಮೋನಿಯಾ ಅಂತ ಮತ್ತೆ ಅಡ್ಮಿಟ್ ಮಾಡಿದ್ವಿ.

ಡಿಸ್ಚಾರ್ಜ್ ಶೀಟಲ್ಲಿ "ದ್ರವಗಳನ್ನು ಮಂದ ಮಾಡಿ ಕೊಡಿ" ಅಂತ ಒಂದೇ ಸಾಲು. ಎಷ್ಟು ಮಂದ, ಯಾವುದರಲ್ಲಿ ಮಂದ, ಯಾರೂ ಹೇಳ್ಲಿಲ್ಲ. ತೂಕ 61 ಇತ್ತು, ಈಗ 53.

ನಾನು ಮನೇಲಿ ಹುರಿಹಿಟ್ಟು, ಮೊಳಕೆ ರಾಗಿ ಪುಡಿ ಎಲ್ಲ ಮಾಡಿ ನಮ್ಮೂರ ಕಡೆ ಸಣ್ಣದಾಗಿ ಮಾರ್ತೀನಿ, ಹಂಗಾಗಿ ರಾಗಿ ಮಾಲ್ಟಲ್ಲೇ ಏನಾದ್ರೂ ಮಾಡೋಣ ಅಂತ ಶುರು ಮಾಡ್ದೆ. ಆದ್ರೆ ಒಂದಿನ ಪಾಯಸದ ಥರ ಬರುತ್ತೆ ಒಂದಿನ ನೀರು ನೀರು. ಅದೇ ಅಳತೆ, ಅದೇ ಪಾತ್ರೆ, ಅದೇ ನಾನು. ಯಾಕೆ ಹಿಂಗೆ? ಇದು ಹದಕ್ಕೆ ಬಂದ್ರೆ ಬೇರೆ ಮನೆಯವ್ರಿಗೂ ಮಾಡ್ಕೊಡಬೋದು ಅಂತ ಒಂದು ಆಸೆ ಕೂಡ ಇದೆ.

ಮನೆಮದ್ದು_ಗುರು:
ಬೆಳಿಗ್ಗೆ ಖಾಲಿ ಹೊಟ್ಟೇಲಿ ಬಿಸಿನೀರಿಗೆ ಜೇನುತುಪ್ಪ ಹಿಪ್ಪಲಿ ಹಾಕಿ ಒಂದು ಲೋಟ ಕುಡಿಸಿ, ಗಂಟಲು ಕ್ಲಿಯರ್ ಆಗುತ್ತೆ. 21 ದಿನ.

ಸುಮ್ನೆ_ಓದೋನು:
ಗುರುಗಳೇ, ಅವ್ರು ಹೇಳ್ತಿರೋದೇ ನೀರು ಇಳಿಯಲ್ಲ ಅಂತ. ಪೋಸ್ಟ್ ಓದಿ.

ಗಂಟಲು_ಡೆಸ್ಕ್:
ಇದೇ ಫೀಲ್ಡಲ್ಲಿರೋಳು, ನುಂಗೋ ತೊಂದ್ರೆ ಇರೋರನ್ನೇ ದಿನಾ ನೋಡ್ತೀನಿ. ಮೊದ್ಲು ಒಂದು ಮಾತು, ಆನ್‌ಲೈನಲ್ಲಿ ನಿಮ್ಮಪ್ಪಂಗೆ ಯಾವ ಹದ ಅಂತ ನಾನು ಹೇಳಕ್ಕಾಗಲ್ಲ, ಯಾರು ಹೇಳಿದ್ರೂ ನಂಬ್ಬೇಡಿ. ಅದನ್ನ ನೋಡೇ ಹೇಳ್ಬೇಕು. ಸ್ಪೀಚ್ ಥೆರಪಿಸ್ಟ್ ಅಂದ್ರೆ ಮಾತು ಕಲಿಸೋರು ಮಾತ್ರ ಅಂತ ನಮ್ಮ ಜನ ತಿಳ್ಕೊಂಡಿದಾರೆ, ನುಂಗೋದೂ ನಮ್ಮ ಕೆಲಸನೇ. ಜಿಲ್ಲಾಸ್ಪತ್ರೆಯಲ್ಲಿ ಅಥವಾ ಹತ್ರದ ಮೆಡಿಕಲ್ ಕಾಲೇಜಲ್ಲಿ ಇದಾರಾ ವಿಚಾರಿಸಿ, ಇಲ್ಲಾಂದ್ರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಹಾಸನದಿಂದ ಎಷ್ಟು ದೂರ ಹೇಳಿ.

ನೀರು ಯಾಕೆ ಕಷ್ಟ ಅನ್ನೋದು ಸುಲಭವಾಗಿ ಹೇಳ್ತೀನಿ. ನುಂಗೋವಾಗ ಶ್ವಾಸದ ದಾರಿ ಮುಚ್ಕೋಬೇಕು. ಸ್ಟ್ರೋಕ್ ಆದೋರಿಗೆ ಆ ಮುಚ್ಕೊಳೋದು ಒಂಚೂರು ಲೇಟು. ನೀರು ಓಡ್ಕೊಂಡು ಹೋಗುತ್ತೆ, ಬಾಗಿಲು ಮುಚ್ಚೋಕೆ ಮುಂಚೆನೇ ಒಳಗೆ ಜಾರಿರುತ್ತೆ. ಮಂದ ಇದ್ರೆ ನಿಧಾನಕ್ಕೆ ಬರುತ್ತೆ, ಬಾಗಿಲಿಗೆ ಟೈಮ್ ಸಿಗುತ್ತೆ. ಅಷ್ಟೇ ವಿಷ್ಯ. ಭಯ ಹುಟ್ಸೋದು ಯಾವುದಂದ್ರೆ ಕೆಲವ್ರಿಗೆ ಶ್ವಾಸಕೋಶಕ್ಕೆ ಹೋದ್ರೂ ಕೆಮ್ಮೇ ಬರಲ್ಲ. ಕೆಮ್ಮಿಲ್ಲ ಅಂದ್ರೆ ಸರಿಯಾಗಿದೆ ಅಂತಲ್ಲ. ಕುಡಿದ ಮೇಲೆ ದನಿ ಗೊರಗೊರ ಅನ್ನೋದು, ಆಗಾಗ ಸಣ್ಣ ಜ್ವರ, ಊಟ ಮಾಡ್ತಾ ಮಾಡ್ತಾ ಸುಸ್ತಾಗೋದು, ಇವನ್ನ ನೋಡ್ಕೊಳ್ಳಿ.

ಇನ್ನೊಂದು, ಗಟ್ಟಿ ಮಾಡಿದಷ್ಟೂ ಸೇಫು ಅಂತ ಸಿಮೆಂಟ್ ಥರ ಮಾಡ್ಬೇಡಿ. ಜಾಸ್ತಿ ಗಟ್ಟಿ ಆದ್ರೆ ಗಂಟಲಲ್ಲಿ ಅಂಟ್ಕೊಂಡು ಉಳಿಯುತ್ತೆ, ಆಮೇಲೆ ಅದೇ ಜಾರಿ ಒಳಗೆ ಹೋಗುತ್ತೆ. ಜೊತೆಗೆ ರುಚಿ ಇರಲ್ಲ ಅಂತ ಕುಡಿಯೋದನ್ನೇ ಬಿಡ್ತಾರೆ. 2008ರಲ್ಲಿ ಅಮೆರಿಕದಲ್ಲಿ ಪಾರ್ಕಿನ್ಸನ್ಸ್ (ಕೈಕಾಲು ನಡುಗೋ ಕಾಯಿಲೆ), ಮರೆವಿನ ಕಾಯಿಲೆ ಇದ್ದ 515 ಜನರನ್ನ ಮೂರು ತಿಂಗಳು ಫಾಲೋ ಮಾಡಿದ ಒಂದು ದೊಡ್ಡ ಅಧ್ಯಯನ ಬಂತು. ಗದ್ದ ಬಗ್ಗಿಸಿ ತೆಳು ದ್ರವ ಕುಡಿದೋರಿಗೂ ಮಂದ ದ್ರವ ಕುಡಿದೋರಿಗೂ ನ್ಯುಮೋನಿಯಾ ಬರೋದ್ರಲ್ಲಿ ಹೇಳ್ಕೊಳೋ ಅಂಥ ವ್ಯತ್ಯಾಸ ಸಿಗ್ಲಿಲ್ಲ, ಮಂದದ್ದು ಕುಡಿದೋರಲ್ಲಿ ನೀರಿನಂಶ ಕಮ್ಮಿ ಆಗೋದು ಮಾತ್ರ ಹೆಚ್ಚಿತ್ತು. ಅದಕ್ಕೇ ಅವ್ರಿಗೆ ಬೇಕಾದಷ್ಟೇ ಮಂದ, ಅದಕ್ಕಿಂತ ಒಂಚೂರೂ ಜಾಸ್ತಿ ಬೇಡ.

ಮತ್ತೆ ಬಾಯಿ ತೊಳೆಸೋದು. ಎಲ್ರೂ ಮರೆಯೋದು ಇದನ್ನೇ. ನ್ಯುಮೋನಿಯಾ ತರೋದು ನೀರಲ್ಲ, ನೀರಿನ ಜೊತೆ ಹೋಗೋ ಬಾಯಿಯ ಕೊಳೆ.

ಹೇಮಾವತಿ_ದಂಡೆ:
ತುಂಬಾ ಥ್ಯಾಂಕ್ಸ್ ಮೇಡಂ. ಬಾಯಿ ತೊಳೆಸೋದು ಬೆಳಿಗ್ಗೆ ಒಂದ್ಸಲ ಮಾತ್ರ ಮಾಡ್ತಿದ್ವಿ. ಹಲ್ಲು ಸೆಟ್ಟು ರಾತ್ರಿ ತೆಗೀತಾನೂ ಇರ್ಲಿಲ್ಲ. ಮುಂದಿನ ವಾರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡೆ.

ಜೋಳದರೊಟ್ಟಿ_ಖಡಕ್:
ಅಕ್ಕಾರ, ನಮ್ಮ ಮಾವನವ್ರಿಗೆ ಪಾರ್ಕಿನ್ಸನ್ಸ್ ಐತ್ರಿ, ಆರು ವರ್ಷ ಆತು. ನಾವು ಜ್ವಾಳದ ಅಂಬಲಿ ಕುಡಸ್ತಿದ್ವಿ, ಮ್ಯಾಲ ಮಜ್ಜಿಗಿ ಹಾಕಿ. ಡಾಕ್ಟರ್ ನೋಡಿ ಬೈದ್ರು ನೋಡ್ರಿ. ಯಾಕಂದ್ರ ಅಂಬಲಿ ಇಟ್ಟಲ್ಲೇ ಕೆಳಗ ನುಚ್ಚು ಕುಂದರ್ತದ, ಮ್ಯಾಲ ತಿಳಿ ನೀರು ನಿಂದರ್ತದ. ಒಂದ ಗುಟುಕಿನ್ಯಾಗ ಎರಡು ಥರ. ನೀರು ಮುಂದ ಓಡ್ತದ, ನುಚ್ಚು ಬಾಯಾಗ ಉಳಿತದ, ಮುದುಕರು ಯಾವುದನ್ನ ನುಂಗಬೇಕು ಹೇಳ್ರಿ? ಮಜ್ಜಿಗಿನೂ ಹಂಗ, ಒಡಕೊಂಡು ನೀರು ಬ್ಯಾರೆ ಆಗ್ತದ. ಆಮ್ಯಾಲ ನಾವು ಎಲ್ಲಾನೂ ಸೋಸಾಕ ಶುರು ಮಾಡಿದ್ವಿ.

ಇನ್ನೊಂದು ಭಾಳ ಮುಖ್ಯ. ಪಾರ್ಕಿನ್ಸನ್ಸ್ ಇದ್ದವ್ರು ಲೆವೊಡೋಪಾ ಗುಳಗಿ ತಗೋತಿದ್ರ ಅದರ ಜೋಡಿ ಹಾಲು, ಪ್ರೋಟೀನ್ ಪುಡಿ ಕೊಡಬ್ಯಾಡ್ರಿ. ಪ್ರೋಟೀನ್ ಇದ್ರ ಗುಳಗಿ ಸರಿ ಹತ್ತಂಗಿಲ್ಲ. ನಾವು ಹುರುಪಿಲೆ ಗುಳಗಿನೂ ಪ್ರೋಟೀನ್ ಹಾಲಿನ್ಯಾಗ ಕೊಟ್ಟು ಒಂದು ತಿಂಗಳು ಯಾಕ ಇವ್ರು ಕಟಗಿ ಆಗ್ಯಾರ ಅಂತ ತಲಿ ಕೆಡಸ್ಕೊಂಡಿದ್ವಿ. ಈಗ ಗುಳಗಿ ಮೊದಲ, ಅರ್ಧಾ ತಾಸು ಬಿಟ್ಟು ಹಾಲು.

ಹಿಟ್ಟಿನಗಿರಣಿ:
ಹೇಮಾವತಿಯವ್ರೇ, ನಿಮ್ಮ "ಒಂದಿನ ಗಟ್ಟಿ ಒಂದಿನ ನೀರು" ಸಮಸ್ಯೆ ಓದಿ ನಗು ಬಂತು, ಯಾಕಂದ್ರೆ ಫುಡ್ ಟೆಕ್ನಾಲಜಿ ಓದೋವಾಗ ಇದೇ ಪ್ರಾಕ್ಟಿಕಲ್‌ನಲ್ಲಿ ನಾನು ಮೂರ್ಸಲ ಫೇಲು. ರಾಗಿ ಮೊಳಕೆ ಬಂದಾಗ ಅದರಲ್ಲಿ ಅಮೈಲೇಸ್ ಅನ್ನೋ ಕಿಣ್ವ ಹುಟ್ಟುತ್ತೆ. ಗಿಡಕ್ಕೆ ತಿನ್ನಕ್ಕೆ ಬೇಕಲ್ವಾ, ಅದಕ್ಕೆ ಕಾಳಿನ ಪಿಷ್ಟವನ್ನ, ಅಂದ್ರೆ ಕಾಯಿಸಿದಾಗ ಗಟ್ಟಿ ಆಗೋ ಅಂಶವನ್ನ, ಒಡೆದು ಸಕ್ಕರೆ ಮಾಡೋ ಕಿಣ್ವ. ನೀವು ಹಿಟ್ಟು ನೀರಲ್ಲಿ ಕದಡಿ ಒಲೆ ಮೇಲೆ ಇಟ್ಟಾಗ 60-70 ಡಿಗ್ರಿ ಆಸುಪಾಸಲ್ಲಿ ಅದು ಜೋರಾಗಿ ಕೆಲಸ ಮಾಡುತ್ತೆ, ಕುದಿ ಬಂದ್ಮೇಲೆ ಸಾಯುತ್ತೆ. ಸಣ್ಣ ಉರಿ ಇಟ್ಟ ದಿನ ಆ ಶಾಖದಲ್ಲಿ ಜಾಸ್ತಿ ಹೊತ್ತು ಇರುತ್ತೆ, ಪಿಷ್ಟ ಎಲ್ಲ ಒಡೆದು ನೀರಾಗುತ್ತೆ. ಆತುರದಲ್ಲಿ ಜೋರು ಉರಿ ಇಟ್ಟ ದಿನ ಕಿಣ್ವಕ್ಕೆ ಟೈಮೇ ಸಿಗಲ್ಲ, ಗಟ್ಟಿಯಾಗುತ್ತೆ. ಮೊಳಕೆ ಎಷ್ಟು ದಿನ ಬಿಟ್ರಿ, ಒಣಗಿಸಿದ್ಮೇಲೆ ಎಷ್ಟು ಹುರಿದ್ರಿ, ಅದರ ಮೇಲೂ ಹೋಗುತ್ತೆ. ಚೆನ್ನಾಗಿ ಹುರಿದ್ರೆ ಕಿಣ್ವ ಅಲ್ಲೇ ಸತ್ತಿರುತ್ತೆ.

ಇದು ಸಮಸ್ಯೆ ಅಂದ್ಕೋಬೇಡಿ, ನಿಮ್ಮ ಕೈಲಿರೋ ದೊಡ್ಡ ಉಪಾಯ. ಮಾಮೂಲಿ ರಾಗಿ ಹಿಟ್ಟಲ್ಲಿ ಸ್ವಲ್ಪ ಹಾಕಿದ್ರೇ ಗಟ್ಟಿ ಆಗ್ಬಿಡುತ್ತೆ, ಅಂದ್ರೆ ಲೋಟ ತುಂಬ ನೀರೇ, ಊಟ ಕಮ್ಮಿ. ಮೊಳಕೆ ಹಿಟ್ಟಾದ್ರೆ ಅದೇ ಹದದಲ್ಲಿ ಜಾಸ್ತಿ ಹಿಟ್ಟು ಹಿಡಿಸುತ್ತೆ. ಮಕ್ಕಳ ಸರಿ ಹಿಟ್ಟಿಗೆ ಮೊಳಕೆ ಕಾಳು ಹಾಕೋ ಗುಟ್ಟೂ ಇದೇ. ಪುಟ್ಟ ಹೊಟ್ಟೆ, ಕಮ್ಮಿ ಕುಡಿಯೋರು, ಆದ್ರೆ ಶಕ್ತಿ ಜಾಸ್ತಿ ಬೇಕು. ನಿಮ್ಮಪ್ಪನ ಲೆಕ್ಕವೂ ಅದೇ.

ಹೇಮಾವತಿ_ದಂಡೆ:
ಅಯ್ಯೋ ದೇವ್ರೇ. ಉರಿ! ಅಮ್ಮ ಮಾಡಿದ ದಿನ ಸಣ್ಣ ಉರಿ, ನಾನು ಮಾಡಿದ ದಿನ ಜೋರು ಉರಿ. ಎರಡು ತಿಂಗಳಿಂದ ಇಬ್ರೂ ನೀನು ಹಿಟ್ಟು ಜಾಸ್ತಿ ಹಾಕ್ದೆ ನೀನು ಕಮ್ಮಿ ಹಾಕ್ದೆ ಅಂತ ಜಗಳ ಆಡಿದೀವಿ.

ಕೂವೆಹುಡಿ:
ನಮ್ಮ ಕಡೆ ರಾಗಿಗಿಂತ ಕೂವೆ ಹುಡಿ (ಕೂವೆ ಗಡ್ಡೆಯ ಹಿಟ್ಟು, ಆರಾರೂಟ್) ಜಾಸ್ತಿ ಮಾರಾಯ್ರೆ. ಅಜ್ಜಿಗೆ ನಾವು ಕೂವೆ ಗಂಜಿ ಮಾಡಿ ಕೊಡ್ತಿದ್ದದ್ದು, ನುಣ್ಣಗೆ ಬರ್ತದೆ, ಒಂದು ಗಂಟು ಇಲ್ಲ. ಆದ್ರೆ ಒಂದು ವಿಷಯ ನಂಗೆ ಈಗ್ಲೂ ಅರ್ಥ ಆಗಿಲ್ಲ. ಬಟ್ಟಲಿಗೆ ಹಾಕುವಾಗ ಸರಿ ಉಂಟು, ಅಜ್ಜಿ ನಿಧಾನಕ್ಕೆ ಕುಡಿದು ಅರ್ಧ ಆಗುವಾಗ ಬಟ್ಟಲಲ್ಲಿ ಉಳಿದದ್ದು ನೀರು ನೀರು. ಎಂತ ಅದು?

ಹಿಟ್ಟಿನಗಿರಣಿ:
ಎಂಜಲು!! ತಮಾಷೆ ಅಲ್ಲ, ನಿಜವಾಗ್ಲೂ. ಜೊಲ್ಲಲ್ಲೂ ಅಮೈಲೇಸ್ ಇದೆ. ಬಾಯಿಗೆ ಹೋದ ಚಮಚ ಬಟ್ಟಲಿಗೆ ವಾಪಸ್ ಬಂದ್ರೆ ಅದರ ಜೊತೆ ಎಂಜಲು ಬರುತ್ತೆ, ಕೂವೆ ಆಗ್ಲಿ ರಾಗಿ ಆಗ್ಲಿ ಮೆಕ್ಕೆಜೋಳದ ಹಿಟ್ಟಾಗ್ಲಿ, ಪಿಷ್ಟದಿಂದ ಮಂದ ಆಗಿರೋದೆಲ್ಲ ಒಡೆದು ತೆಳ್ಳಗಾಗುತ್ತೆ. ಮನೇಲಿ ಟೆಸ್ಟ್ ಮಾಡಿ, ಎರಡು ಬಟ್ಟಲಲ್ಲಿ ಬೆಚ್ಚಗಿನ ಗಂಜಿ ಹಾಕಿ ಒಂದಕ್ಕೆ ನೆಕ್ಕಿದ ಚಮಚ ಅದ್ದಿ ಕಲಸಿ, ಹತ್ತು ನಿಮಿಷ ಬಿಟ್ಟು ನೋಡಿ. ಎಂಜಲು ಪಾತ್ರೆ ಒಳಗೆ ಬರಬಾರ್ದು ಅಂತ ನಮ್ಮಜ್ಜಿ ಸೌಟಲ್ಲಿ ಹೊಡೀತಿದ್ರು, ಮಡಿ ಮೈಲಿಗೆ ಅಂತ ನಾನು ಬೇಜಾರು ಮಾಡ್ಕೋತಿದ್ದೆ. ಈ ಒಂದು ವಿಷ್ಯದಲ್ಲಿ ಅಜ್ಜಿ ಗೆದ್ರು.

ಹಂಗಾಗಿ ದೊಡ್ಡ ಬಟ್ಟಲಿಂದ ಸಣ್ಣ ಬಟ್ಟಲಿಗೆ ಸ್ವಲ್ಪ ಸ್ವಲ್ಪನೇ ಹಾಕ್ಕೊಂಡು ಕೊಡಿ. ಇಲ್ಲಾಂದ್ರೆ ಕ್ಸಾಂಥನ್ ಗಮ್ ಅಂತ ಬರುತ್ತೆ, ಬ್ಯಾಕ್ಟೀರಿಯಾ ಹುದುಗಿಸಿ ತೆಗೆಯೋ ಅಂಟು, ಅದಕ್ಕೆ ಎಂಜಲು ಏನೂ ಮಾಡಲ್ಲ. ಮೆಡಿಕಲ್ ಶಾಪಲ್ಲಿ ಥಿಕನರ್ (ದ್ರವ ಮಂದ ಮಾಡೋ ಪುಡಿ) ಅಂತ ಸಿಗೋ ಟಿನ್‌ಗಳಲ್ಲಿ ಕೆಲವು ಪಿಷ್ಟದ್ದು, ಕೆಲವು ಈ ಗಮ್‌ದು. ಹಿಂದೆ ತಿರುಗಿಸಿ ಓದಿ ತಗೊಳ್ಳಿ.

ಕೂವೆಹುಡಿ:
ಅಜ್ಜಿ ಈಗ ಇಲ್ಲ. ಆಗ ಗೊತ್ತಿದ್ರೆ ಅಂತ ಆಗ್ತದೆ.

ಲೀಡ್ಸ್_ಕನ್ನಡತಿ:
ಇಂಗ್ಲೆಂಡಲ್ಲಿ ವಯಸ್ಸಾದೋರ ವಾರ್ಡಲ್ಲಿ ನರ್ಸು ನಾನು, ಊರು ಚಿಕ್ಕಮಗಳೂರು. ಥಿಕನರ್ ಬಗ್ಗೆ ಎರಡು ಎಚ್ಚರಿಕೆ ಹೇಳ್ಲೇಬೇಕು. ಒಂದು, ಆ ಪುಡಿ ಡಬ್ಬ ಮಂಚದ ಪಕ್ಕ ಇಡ್ಬೇಡಿ. ಮರೆವಿರೋರು ಸಕ್ಕರೆ ಅಂತ ಬಾಯಿಗೆ ಹಾಕ್ಕೊಂಡ್ರೆ ಗಂಟಲಲ್ಲೇ ಊದ್ಕೊಂಡು ಉಸಿರು ಕಟ್ಟುತ್ತೆ. ಹಂಗೆ ಒಬ್ರು ತೀರ್ಕೊಂಡ್ಮೇಲೆ 2015ರಲ್ಲಿ ಇಲ್ಲಿ ಎಲ್ಲ ಆಸ್ಪತ್ರೆಗೂ ಸುರಕ್ಷತಾ ಸೂಚನೆ ಕಳ್ಸಿದ್ರು, ನಮ್ಮಲ್ಲಿ ಈಗ ಬೀಗ ಹಾಕಿ ಇಡ್ತೀವಿ.

ಎರಡು, ಮಲಬದ್ಧತೆಗೆ ನೀರಲ್ಲಿ ಕದಡಿ ಕುಡಿಯೋ ಪುಡಿ ಕೊಡ್ತಾರಲ್ಲ, ಪಾಲಿಎಥಿಲೀನ್ ಗ್ಲೈಕಾಲ್ ಇರೋದು, ಅದನ್ನ ಪಿಷ್ಟದ ಥಿಕನರ್ ಜೊತೆ ಬೆರೆಸಿದ್ರೆ ಗಟ್ಟಿ ಇದ್ದಿದ್ದು ನೀರಾಗ್ಬಿಡುತ್ತೆ. 2021ರಲ್ಲಿ ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ವಯಸ್ಸಾದೋರಿಗೆ ಮಲಬದ್ಧತೆ ಮಾಮೂಲಿ, ನುಂಗೋ ತೊಂದ್ರೆ ಇದ್ದೋರು ನೀರು ಕಮ್ಮಿ ಕುಡೀತಾರೆ ಅಂತ ಇನ್ನೂ ಜಾಸ್ತಿ, ಎರಡೂ ಒಂದೇ ಮನೇಲಿ ಇರೋದು ಅಪರೂಪ ಏನಲ್ಲ.

ಹದ ಅಳೆಯೋಕೆ ನಾವು ಪಾಯಸ, ದೋಸೆ ಹಿಟ್ಟು ಅಂತೆಲ್ಲ ಹೇಳ್ಕೊಂಡು ಕೂತ್ರೆ ಆಗಲ್ಲ, ನಿಮ್ಮ ಮನೆ ದೋಸೆ ಹಿಟ್ಟೇ ಬೇರೆ ನಮ್ಮನೇದೇ ಬೇರೆ. ಐಡಿಡಿಎಸ್‌ಐ ಅಂತ ಅಂತಾರಾಷ್ಟ್ರೀಯ ಅಳತೆ ಇದೆ, ಇಲ್ಲಿ 2019ರಿಂದ ಅದೇ. ಸೊನ್ನೆಯಿಂದ 7ರ ತನಕ ಲೆವೆಲ್ಲು, ಕುಡಿಯೋದೆಲ್ಲ 0ಯಿಂದ 4. ಖುಷಿ ವಿಷ್ಯ ಏನಂದ್ರೆ ಮೆಷಿನ್ ಬೇಡ, 10 ಎಂಎಲ್ ಸಿರಿಂಜ್ ಸಾಕು. ಸೂಜಿ ಇಲ್ಲದ್ದು, ಪಿಸ್ಟನ್ ಎಳೆದು ಬಿಸಾಕಿ. ಕೆಳಗಡೆ ಬೆರಳಲ್ಲಿ ಮುಚ್ಕೊಂಡು 10ರ ತನಕ ತುಂಬಿಸಿ, ಬೆರಳು ತೆಗೆದು ಸರಿಯಾಗಿ 10 ಸೆಕೆಂಡು ಸುರಿಯೋಕೆ ಬಿಟ್ಟು ಮತ್ತೆ ಮುಚ್ಚಿ. ಒಳಗೆ ಎಷ್ಟು ಉಳೀತು ನೋಡಿ. 1 ಎಂಎಲ್‌ಗಿಂತ ಕಮ್ಮಿ ಉಳಿದ್ರೆ ಅದು ನೀರು, ಲೆವೆಲ್ 0. 1ರಿಂದ 4 ಉಳಿದ್ರೆ ಲೆವೆಲ್ 1. 4ರಿಂದ 8 ಉಳಿದ್ರೆ 2. 8ಕ್ಕಿಂತ ಜಾಸ್ತಿ ಉಳಿದು ಆದ್ರೂ ತೊಟ್ಟಿಕ್ತಾ ಇದ್ರೆ 3. ಏನೂ ಸುರೀಲೇ ಇಲ್ಲ ಅಂದ್ರೆ 4, ಅದನ್ನ ಚಮಚದಲ್ಲೇ ಕೊಡೋದು. ಸಿರಿಂಜ್ ಮೇಲೆ 0ಯಿಂದ 10ರ ಗೆರೆ ತನಕ ಉದ್ದ 61.5 ಮಿಲಿಮೀಟರ್ ಇರ್ಬೇಕು, ಸ್ಕೇಲ್ ಇಟ್ಟು ನೋಡ್ಕೊಳ್ಳಿ, ಎಲ್ಲ ಕಂಪನಿ ಸಿರಿಂಜೂ ಒಂದೇ ದಪ್ಪ ಇರಲ್ಲ.

ಸುಮ್ನೆ_ಓದೋನು:
ಇಷ್ಟು ಸಿಂಪಲ್ಲಾ? ಹತ್ತು ರೂಪಾಯಿ ಸಿರಿಂಜಲ್ಲಿ?

ಗಂಟಲು_ಡೆಸ್ಕ್:
ಸಿಂಪಲ್ಲೇ, ಆದ್ರೆ ಕುಡಿಯೋವಾಗ ಎಷ್ಟು ಬಿಸಿ ಇರುತ್ತೋ ಅದೇ ಬಿಸಿಯಲ್ಲಿ ಅಳೀಬೇಕು. ರಾಗಿ ಗಂಜಿ ಆರಿದಷ್ಟೂ ಗಟ್ಟಿ ಅನ್ನೋದು ಎಲ್ರಿಗೂ ಗೊತ್ತು ಆದ್ರೂ ಒಲೆಯಿಂದ ಇಳಿಸಿದ ತಕ್ಷಣ ಅಳೆದು ಅರ್ಧ ಗಂಟೆ ಬಿಟ್ಟು ಕೊಡ್ತಾರೆ.

ಹೇಮಾವತಿ_ದಂಡೆ:
ಅಪ್‌ಡೇಟ್. ಥೆರಪಿಸ್ಟ್ ನೋಡಿದ್ರು, ಎಕ್ಸ್‌ರೇ ವಿಡಿಯೋ ಥರದ್ದೊಂದು ಮಾಡಿದ್ರು, ಬೇರಿಯಂ ಕಲಸಿದ್ದು ನುಂಗ್ಸಿ. ತೆಳು ನೀರು ಕೆಮ್ಮಿಲ್ಲದೇನೇ ಒಳಗೆ ಹೋಗ್ತಿರೋದು ಸ್ಕ್ರೀನಲ್ಲಿ ಕಣ್ಣಾರೆ ನೋಡ್ದೆ, ಕೈ ಕಾಲು ತಣ್ಣಗಾಯ್ತು. ಲೆವೆಲ್ 2 ಬರ್ಕೊಟ್ಟಿದಾರೆ. ನೆಟ್ಟಗೆ ಕೂರ್ಸಿ ಕೊಡ್ಬೇಕು, ಗದ್ದ ಸ್ವಲ್ಪ ಕೆಳಗೆ, ಕುಡಿದ್ಮೇಲೂ ಅರ್ಧ ಗಂಟೆ ಮಲಗಿಸಬಾರ್ದು.

ಆಮೇಲೆ ಮೂರು ದಿನ ನಮ್ಮ ಅಡುಗೆಮನೆ ಲ್ಯಾಬ್ ಆಗಿತ್ತು. ಅದೇ ರಾಗಿ ಮಾಲ್ಟು, ಒಲೆಯಿಂದ ಇಳಿಸಿದಾಗ ಸಿರಿಂಜಲ್ಲಿ ಉಳಿದಿದ್ದು 3. ಇಪ್ಪತ್ತು ನಿಮಿಷ ಆದ್ಮೇಲೆ 7. ಒಂದು ಗಂಟೆಗೆ ಸುರೀಲೇ ಇಲ್ಲ. ಅಂದ್ರೆ ಒಂದೇ ಲೋಟ, ಒಂದು ಗಂಟೆಯಲ್ಲಿ ಮೂರು ಲೆವೆಲ್ಲು ದಾಟ್ತು. ನಾನು ಇದನ್ನ ಫ್ಲಾಸ್ಕಲ್ಲಿ ಹಾಕಿ ಬೆಳಿಗ್ಗೆಯಿಂದ ಸಂಜೆ ತನಕ ಕೊಡ್ತಿದ್ದೆ. ಅಮ್ಮ ಸಿರಿಂಜ್ ಹಿಡಿಯೋದು, ನಾನು ಮೊಬೈಲ್ ಟೈಮರ್, ಅಪ್ಪ ಮಂಚದ ಮೇಲಿಂದ ನೋಡಿ ನಗ್ತಿದ್ರು, ಸ್ಟ್ರೋಕ್ ಆದ್ಮೇಲೆ ಅಷ್ಟು ನಕ್ಕಿದ್ದು ಅವತ್ತೇ.

ಹಿಟ್ಟಿನಗಿರಣಿ:
ಹಂಗಾದ್ರೆ ನನ್ನ ಸಲಹೆ. ಮಂದ ಆಗೋ ಕೆಲಸವನ್ನ ರಾಗಿ ಕೈಗೆ ಕೊಡ್ಬೇಡಿ. ರಾಗಿ ಶಕ್ತಿಗೆ, ಹದಕ್ಕೆ ಗಮ್, ಎರಡನ್ನೂ ಬೇರೆ ಮಾಡಿ. ಮೊಳಕೆ ರಾಗಿ ಹಿಟ್ಟನ್ನ ಹೆಚ್ಚು ಹುರೀಬೇಡಿ, ನೀರಲ್ಲಿ ಕದಡಿ 65 ಡಿಗ್ರಿ ಆಸುಪಾಸಲ್ಲಿ ಇಪ್ಪತ್ತು ನಿಮಿಷ ಬಿಡಿ, ಕಿಣ್ವ ಅದರ ಕೆಲಸ ಪೂರ್ತಿ ಮುಗಿಸ್ಲಿ. ಆಮೇಲೆ ಚೆನ್ನಾಗಿ ಕುದಿಸಿ ಕಿಣ್ವ ಸಾಯಿಸಿ. ಹಳೇ ಪಂಚೆ ಬಟ್ಟೇಲಿ ಸೋಸಿ, ರಾಗಿ ಹೊಟ್ಟು ಗಂಟಲಲ್ಲಿ ಕರಕರ ಅನ್ನುತ್ತೆ. ಈಗ ಸಿಗೋದು ತೆಳುವಾದ, ಸ್ವಲ್ಪ ಸಿಹಿ ಇರೋ ರಾಗಿ ಹಾಲು. ಇದಕ್ಕೆ ಹಾಲು, ಹಾಲಿನ ಪುಡಿ, ತುಪ್ಪ ಎಲ್ಲ ಸೇರ್ಸಿ, ಕೊನೆಗೆ ಗಮ್ ಹಾಕಿ ಲೆವೆಲ್ 2ಕ್ಕೆ ತನ್ನಿ. ಆರಿದ್ರೂ ಅಷ್ಟಾಗಿ ಬದಲಾಗಲ್ಲ, ಎಂಜಲು ಬಿದ್ರೂ ಬದಲಾಗಲ್ಲ.

ಗಮ್ ಹಾಲಲ್ಲಿ ನಿಧಾನ. ನೀರಲ್ಲಿ ಒಂದೆರಡು ನಿಮಿಷಕ್ಕೆ ಮಂದ ಆಗೋದು ಹಾಲಲ್ಲಿ ಐದು ಹತ್ತು ನಿಮಿಷ ತಗೊಳುತ್ತೆ. ಆಗ್ಲಿಲ್ಲ ಅಂತ ಮತ್ತೆ ಮತ್ತೆ ಪುಡಿ ಹಾಕಿದ್ರೆ ಆಮೇಲೆ ಒಟ್ಟಿಗೆ ಗೊಜ್ಜಾಗುತ್ತೆ. ಒಂದ್ಸಲ ಕಲಸಿ, ಬಿಡಿ, ಮತ್ತೊಂದ್ಸಲ ಕಲಸಿ, ಕಾಯಿರಿ. ವೇ ಪ್ರೋಟೀನ್ (ಹಾಲಿನಿಂದ ತೆಗೆಯೋ ಪ್ರೋಟೀನ್) ಪುಡಿ ಹಾಕೋ ಹಂಗಿದ್ರೆ ಉಗುರು ಬೆಚ್ಚಗಾದ್ಮೇಲೆ ಹಾಕಿ, ಕುದಿಯೋದಕ್ಕೆ ಹಾಕಿದ್ರೆ ಮೊಟ್ಟೆ ಬೆಂದ ಹಾಗೆ ಗಂಟು ಗಂಟಾಗುತ್ತೆ.

ಪೋಷಣೆ ಲೆಕ್ಕ ಹೀಗೆ ಬರುತ್ತೆ. ಟೋನ್ಡ್ ಹಾಲು 200 ಎಂಎಲ್, ಮೊಳಕೆ ರಾಗಿ ಹಿಟ್ಟು 15 ಗ್ರಾಂ, ಕೆನೆ ತೆಗೆದ ಹಾಲಿನ ಪುಡಿ 15 ಗ್ರಾಂ ಅಂದ್ರೆ ಮಟ್ಟಸವಾಗಿ ಎರಡು ಟೇಬಲ್ ಚಮಚ, ತುಪ್ಪ ಒಂದು ಟೀ ಚಮಚ, ಬೆಲ್ಲ 10 ಗ್ರಾಂ. ಸುಮಾರು 300 ಕ್ಯಾಲರಿ, 12 ಗ್ರಾಂ ಪ್ರೋಟೀನ್. ಸೋಸಿದಾಗ ಸ್ವಲ್ಪ ಹೋಗುತ್ತೆ ಅಂತಿಟ್ಕೊಳ್ಳಿ. ಆದ್ರೂ ಒಂದು ಎಂಎಲ್‌ಗೆ ಒಂದಕ್ಕಿಂತ ಜಾಸ್ತಿ ಕ್ಯಾಲರಿ, ಕದಡೋ ನೀರು ಕಮ್ಮಿ ಇಟ್ಟಷ್ಟೂ ಅಂಗಡಿಯಲ್ಲಿ ಸಿಗೋ ಹೆಚ್ಚು ಶಕ್ತಿಯ ಡ್ರಿಂಕ್ ಬಾಟಲಿಗಳ ಒಂದೂವರೆ ಮಟ್ಟಕ್ಕೆ ಹತ್ರ. ವಯಸ್ಸಾದೋರಿಗೆ ತೂಕದ ಒಂದು ಕೆಜಿಗೆ ದಿನಕ್ಕೆ ಕನಿಷ್ಠ 1 ಗ್ರಾಂ ಪ್ರೋಟೀನ್ ಅಂತಾರೆ, ನಿಮ್ಮಪ್ಪಂಗೆ 53 ಗ್ರಾಂ ಆಯ್ತು, ಇಂಥ ಎರಡು ಲೋಟ ಅದರಲ್ಲಿ ಹತ್ರ ಹತ್ರ ಅರ್ಧ. ಶುಗರ್ ಇದ್ರೆ ಬೆಲ್ಲ ಬಿಡಿ, ಕಿಣ್ವ ಒಡೆದ ರಾಗೀನೂ ರಕ್ತದ ಶುಗರ್ ಬೇಗ ಏರಿಸುತ್ತೆ ಅನ್ನೋದು ನೆನಪಿರ್ಲಿ. ಕಿಡ್ನಿ ತೊಂದ್ರೆ ಇದ್ರೆ ಈ ಪ್ರೋಟೀನ್ ಲೆಕ್ಕವೇ ಬೇರೆ, ಡಾಕ್ಟರನ್ನ ಕೇಳ್ದೆ ಏರಿಸ್ಬೇಡಿ.

ಮನೆಮದ್ದು_ಗುರು:
ಇಷ್ಟೆಲ್ಲ ಕೆಮಿಕಲ್ ಗಮ್ ಯಾಕೆ, ಕಾಮಕಸ್ತೂರಿ ಬೀಜ ನೆನೆಸಿ ಹಾಕಿ, ನ್ಯಾಚುರಲ್ ಆಗಿ ಲೋಳೆ ಬರುತ್ತೆ. ಸಬ್ಬಕ್ಕಿ ಗಂಜಿನೂ ತಂಪು.

ಗಂಟಲು_ಡೆಸ್ಕ್:
ದಯವಿಟ್ಟು ಬೇಡ. ಕಾಮಕಸ್ತೂರಿ ಒಂದೊಂದು ಬೀಜವೂ ಜಾರೋ ಗುಂಡು, ಸುತ್ತ ಇರೋದು ಅದೇ ತೆಳು ನೀರು. ಸಬ್ಬಕ್ಕೀನೂ ಅಷ್ಟೇ. ಐಸ್‌ಕ್ರೀಂ, ಜೆಲ್ಲಿ ಕೂಡ ಕೈಯಲ್ಲಿ ಗಟ್ಟಿ, ಬಾಯಲ್ಲಿ ಕರಗಿ ನೀರು. ಮತ್ತೆ ಮಲಗಿಸಿ ಬಾಟಲಿ ಹಿಡಿದು ಕುಡಿಸೋದು, ಮೂಗು ಹಿಡಿದು ಬಾಯಿಗೆ ಹಾಕೋದು ಇವನ್ನೆಲ್ಲ ನೋಡಿದೀನಿ ಅದಕ್ಕೇ ಕೂಗಾಡ್ತಿದೀನಿ, ಬೇಜಾರಾಗ್ಬೇಡಿ.

ಅಡ್ಮಿನ್:
ಗುರುಗಳೇ, ಈ ಥ್ರೆಡ್ಡಲ್ಲಿ ಇನ್ನು ಮದ್ದು ಬೇಡ. ಅಜೀರ್ಣದ ಥ್ರೆಡ್ ಪಕ್ಕದಲ್ಲಿದೆ, ಅಲ್ಲಿ ನಿಮ್ಮ ದಾರಿ ಕಾಯ್ತಿದಾರೆ.

ಟೋಕಿಯೋ_ತಿಂಡಿಪೋತ:
ಜಪಾನಲ್ಲಿ ಒಂಬತ್ತು ವರ್ಷದಿಂದ ಇದೀನಿ. ಇಲ್ಲಿ ಮುದುಕರೇ ಜಾಸ್ತಿ, ಹಂಗಾಗಿ ಇದು ದೊಡ್ಡ ಮಾರ್ಕೆಟ್ಟು. ಮಂದ ಮಾಡೋದಕ್ಕೆ ಟೊರೊಮಿ ಅಂತಾರೆ, ತೆಳು, ಮಧ್ಯಮ, ದಪ್ಪ ಅಂತ ಮೂರು ಹಂತ. ಮೆಡಿಕಲ್ ಅಂಗಡಿಯಲ್ಲಿ ಮಕ್ಕಳ ಡೈಪರ್ ಪಕ್ಕ ಟೊರೊಮಿ ಪುಡಿ ಸ್ಯಾಶೆ ಇರುತ್ತೆ. ಕೆಲವು ಆಸ್ಪತ್ರೆಗಳಲ್ಲಿ ಕಾಫಿ ಟೀ ವೆಂಡಿಂಗ್ ಮೆಷಿನ್ನಲ್ಲೇ ಟೊರೊಮಿ ಬಟನ್ ಇದೆ, ಒತ್ತಿದ್ರೆ ಮಂದವಾದ ಕಾಫಿ ಬರುತ್ತೆ. ನಂಗೆ ಇಷ್ಟ ಆಗಿದ್ದು ಅದೇ. ಪೇಷಂಟ್ ಡ್ರಿಂಕು ಅಂತ ಬೇರೆ ಕೊಡಲ್ಲ, ಎಲ್ರೂ ಕುಡಿಯೋ ಮೆಷಿನ್ನಲ್ಲೇ ಅವ್ರೂ ಒತ್ಕೊಂಡು ಕುಡೀತಾರೆ. ನಿಮ್ಮಪ್ಪ ಮುಂಚೆ ಏನು ಇಷ್ಟಪಟ್ಟು ಕುಡೀತಿದ್ರು?

ಹೇಮಾವತಿ_ದಂಡೆ:
ಕಾಫಿ. ದಿನಕ್ಕೆ ಐದು ಲೋಟ. ಸಕಲೇಶಪುರದ ತೋಟದಲ್ಲಿ ಮೂವತ್ತು ವರ್ಷ ರೈಟರ್, ಅಂದ್ರೆ ಲೆಕ್ಕ ಬರೆಯೋರಾಗಿದ್ರು. ಮಾರ್ಚಿಂದ ಒಂದು ಲೋಟನೂ ಇಲ್ಲ.

ಟೋಕಿಯೋ_ತಿಂಡಿಪೋತ:
ಮತ್ತೆ ರಾಗಿ ರಾಗಿ ಅಂತ ಯಾಕೆ ಕೂತಿದೀರಿ!

ಜೋಳದರೊಟ್ಟಿ_ಖಡಕ್:
ಹೌದ್ನೋಡ್ರಿ. ನಮ್ಮ ಮಾವನವ್ರು ಚಾ ಕೊಟ್ರ ಕಣ್ಣ ಅರಳಸ್ತಾರ, ಪ್ರೋಟೀನ್ ಹಾಲು ಅಂದ್ರ ಮಾರಿ ತಿರವ್ತಾರ.

ಹೇಮಾವತಿ_ದಂಡೆ:
ಟ್ರೈ ಮಾಡ್ತೀನಿ. ಅದಕ್ಕೆ ಮುಂಚೆ ಹಿಟ್ಟಿನಗಿರಣಿಯವ್ರಿಗೆ ಒಂದು ಪ್ರಶ್ನೆ. ನಮ್ಮೂರಲ್ಲೇ ಇಂಥ ಮನೆ ಇನ್ನೂ ಮೂರು ಇದೆ ಅಂತ ಗೊತ್ತಾಯ್ತು, ಈ ರಾಗಿ ಡ್ರಿಂಕ್ ಮಾಡಿ ಬಾಟಲಿಗೆ ತುಂಬಿ ಕೊಡ್ಬೋದಾ? ಮಾರೋದೇ ಆದ್ರೆ ಏನೇನು ಬೇಕು?

ಹಿಟ್ಟಿನಗಿರಣಿ:
ಬಾಟಲಿ ಯೋಚನೆ ಇವತ್ತೇ ಬಿಟ್ಬಿಡಿ. ಹಾಲು, ರಾಗಿ, ಹುಳಿ ಇಲ್ಲ, ಪಿಎಚ್ 4.6ಕ್ಕಿಂತ ಮೇಲೆ. ಇಂಥದ್ದನ್ನ ಬಿಸಿ ಬಿಸಿ ಬಾಟಲಿಗೆ ತುಂಬಿ ಮುಚ್ಚಿಟ್ರೆ ಕುದಿಯೋ ನೀರಿಗೂ ಸಾಯದ, ಬೊಟುಲಿಸಂ ಅನ್ನೋ ಪ್ರಾಣಾಪಾಯದ ಕಾಯಿಲೆ ತರೋ ಬೀಜಾಣುಗಳಿಗೆ ಅರಮನೆ ಕಟ್ಟಿ ಕೊಟ್ಟ ಹಾಗೆ. ಅದಕ್ಕೆ ಕುದಿಗಿಂತ ಜಾಸ್ತಿ ಶಾಖದಲ್ಲಿ ಕಾಯಿಸೋ ರಿಟಾರ್ಟ್ ಅಥವಾ ಯುಎಚ್‌ಟಿ ಬೇಕು, ಅದು ಕಾರ್ಖಾನೆ ಕೆಲಸ. ಮನೇಲಿ ಮಾಡಿದ್ದು ಅವತ್ತವತ್ತಿಗೆ, ಉಳಿದ್ರೆ ಫ್ರಿಜ್ಜು, ಮಾರನೇ ದಿನ ದಾಟಬಾರ್ದು. ಮೊದಲೇ ಶಕ್ತಿ ಕುಂದಿರೋರು ಕುಡಿಯೋದು ಇದು.

ಮಾರೋದಾದ್ರೆ ಒಣ ಪುಡಿ. ಆದ್ರೆ ಅದರಲ್ಲೂ ಹುಷಾರು. ಮೊಳಕೆ ರಾಗಿ ಹಿಟ್ಟು ಅಂತ ಮಾರೋದು ಒಂದು ಮಾತು, "ನುಂಗೋ ತೊಂದ್ರೆ ಇರೋರಿಗೆ" ಅಂತ ಪ್ಯಾಕೆಟ್ ಮೇಲೆ ಬರೆಯೋದು ಇನ್ನೊಂದು ಮಾತು. ಹಂಗೆ ಬರೆದ ತಕ್ಷಣ ಅದು ಆಹಾರ ಸುರಕ್ಷತೆ ನೋಡ್ಕೊಳೋ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ ನಿಯಮಾವಳಿಯಲ್ಲಿ ವೈದ್ಯಕೀಯ ಉದ್ದೇಶದ ವಿಶೇಷ ಆಹಾರದ ಲೆಕ್ಕಕ್ಕೆ ಬರುತ್ತೆ, ಲೈಸೆನ್ಸು ಲೇಬಲ್ಲು ಎಲ್ಲ ಬೇರೆ. ಕಾನೂನು ಪಕ್ಕಕ್ಕಿಡಿ, ನಿಮ್ಮ ಪುಡಿ ತಗೊಂಡೋರು ಸಣ್ಣ ಉರಿ ಇಟ್ರೆ ಏನಾಗುತ್ತೆ? ನಿಮ್ಮಮ್ಮನ ಮಾಲ್ಟ್ ಥರ ನೀರಾಗುತ್ತೆ, ಅಲ್ಲಿ ಇನ್ನೊಬ್ರ ಅಪ್ಪಂಗೆ ನೆತ್ತಿಗೆ ಹತ್ತುತ್ತೆ. ಮೊದ್ಲು ಹತ್ತು ಬ್ಯಾಚ್ ಮಾಡಿ, ಹತ್ತೂ ಬೇರೆ ಬೇರೆಯವ್ರ ಕೈಲಿ ಕಾಯಿಸಿ, ಹತ್ತೂ ಸಿರಿಂಜಲ್ಲಿ ಒಂದೇ ಬರುತ್ತಾ ನೋಡಿ. ಬಂದ್ಮೇಲೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ ಹೋಗಿ ಮಾತಾಡಿ, ರಾಗಿ ಮಾಲ್ಟಿಂಗ್ ಬಗ್ಗೆ ಅವ್ರಿಗಿಂತ ಗೊತ್ತಿರೋರು ಕಮ್ಮಿ. ದುಡ್ಡಿಗೆ ಕೇಂದ್ರದ ಪಿಎಂಎಫ್‌ಎಂಇ ಸ್ಕೀಮಲ್ಲಿ ಸಣ್ಣ ಆಹಾರ ಘಟಕಗಳಿಗೆ ಶೇ. 35ರಷ್ಟು ಸಬ್ಸಿಡಿ, 10 ಲಕ್ಷದ ತನಕ ಇತ್ತು, ಈಗ್ಲೂ ಇದೆಯಾ ವಿಚಾರಿಸಿ.

ಹೇಮಾವತಿ_ದಂಡೆ:
ನಾಲ್ಕು ಬ್ಯಾಚ್ ಆಯ್ತು. ಅಮ್ಮ, ನಾನು, ಪಕ್ಕದ ಮನೆ ಆಂಟಿ, ನನ್ನ ತಮ್ಮ. ಸಿರಿಂಜಲ್ಲಿ ಉಳಿದಿದ್ದು 6, 6, 5, ತಮ್ಮಂದು 9. ಅವನು ಗಮ್ ಒಂದು ಚಮಚ ಅಂದ್ರೆ ಗುಡ್ಡದ ಥರ ಹಾಕಿದ್ದ. ಹಂಗಾಗಿ ಮಾರೋ ವಿಷ್ಯ ಸದ್ಯಕ್ಕೆ ಇಲ್ಲ, ಆ ಮೂರು ಮನೆಗೂ ಹೋಗಿ ಸಿರಿಂಜ್ ಕೊಟ್ಟು ಅಳೆಯೋದು ತೋರ್ಸಿ ಬಂದೆ, ಡಾಕ್ಟರ್ ಹತ್ರ ಲೆವೆಲ್ ಬರೆಸ್ಕೊಂಡು ಬನ್ನಿ ಅಂತಾನೂ ಹೇಳ್ದೆ. ಒಬ್ರು ನನ್ನನ್ನ ಕಾಂಪೌಂಡರ್ ಅಂದ್ಕೊಂಡು ಬಿಪಿ ನೋಡು ಅಂದ್ರು.

ಅಪ್ಪನ ತೂಕ ಐದು ವಾರದಲ್ಲಿ 53ರಿಂದ 54 ಮುಕ್ಕಾಲು.

ಲೀಡ್ಸ್_ಕನ್ನಡತಿ:
ಸೂಪರ್!! ಕಾಫಿ ಏನಾಯ್ತು?

ಹೇಮಾವತಿ_ದಂಡೆ:
ಕಾಫಿ ಕಥೆ ಕೇಳಿ. ಮೊದಲ ದಿನ ಸೋತೆ, ಗಮ್ ಹಾಕಿ ಹತ್ತು ನಿಮಿಷ ಕಾಯೋಷ್ಟರಲ್ಲಿ ಕಾಫಿ ಆರಿ ಹೋಗಿ ಅಪ್ಪ ಒಂದು ಗುಟುಕಿಗೆ ಲೋಟ ದೂರ ತಳ್ಳಿದ್ರು. ತಣ್ಣಗಿನ ಕಾಫಿ ಅವ್ರು ಆರೋಗ್ಯವಾಗಿದ್ದಾಗ್ಲೂ ಕುಡಿದೋರಲ್ಲ. ಎರಡನೇ ದಿನ ಹಾಲಿಗೆ ಹಾಲಿನ ಪುಡಿ, ಸಕ್ಕರೆ, ಗಮ್ ಎಲ್ಲ ಮೊದಲೇ ಕಲಸಿ ಮಂದ ಆಗೋಕೆ ಬಿಟ್ಟು, ಆ ಪಾತ್ರೆಯನ್ನ ಬಿಸಿನೀರಲ್ಲಿ ಇಟ್ಟು ಕಾಯಿಸಿ, ಕೊನೆಗೆ ಗಟ್ಟಿ ಡಿಕಾಕ್ಷನ್ ಸೇರ್ಸಿದೆ. ಡಿಕಾಕ್ಷನ್ ನೀರಲ್ವಾ, ಮತ್ತೆ ತೆಳ್ಳಗಾಯ್ತು, ಸಿರಿಂಜಲ್ಲಿ 3. ಮೂರನೇ ದಿನ ಹಾಲನ್ನ ಬೇಕಂತಲೇ ಸ್ವಲ್ಪ ಜಾಸ್ತಿ ಮಂದ ಮಾಡ್ಕೊಂಡು ಡಿಕಾಕ್ಷನ್ ಹಾಕ್ದೆ. 6 ಬಂತು. ಎರಡ್ಸಲ ಅಳೆದೆ, ಎರಡ್ಸಲವೂ 6.

ಸ್ಟೀಲ್ ಲೋಟದಲ್ಲಿ ಕೊಟ್ಟೆ, ಅವ್ರ ಹಳೇ ಲೋಟದಲ್ಲೇ. ಮೂಸಿ ನೋಡಿದ್ರು. ಒಂದು ಗುಟುಕು, ನಿಲ್ಸಿದ್ರು, ನುಂಗಿದ್ರು. "ಇದೇನು ಕಾಫೀನೋ ಅಂಟೋ" ಅಂದ್ರು. ಆಮೇಲೆ ಮಾತಾಡ್ಲಿಲ್ಲ, ಇಪ್ಪತ್ತು ನಿಮಿಷ ತಗೊಂಡು ಪೂರ್ತಿ ಕುಡಿದ್ರು. ಕೆಮ್ಮಿಲ್ಲ, ದನಿ ಗೊರಗೊರ ಇಲ್ಲ, ರಾತ್ರಿ ಜ್ವರ ನೋಡ್ದೆ ಅದೂ ಇಲ್ಲ. ಅಮ್ಮ ಅಡುಗೆಮನೆಗೆ ಹೋಗಿ ಅತ್ರು.

ಈಗ ಬೆಳಿಗ್ಗೆ ಕಾಫಿ, ಹನ್ನೊಂದಕ್ಕೆ ರಾಗಿ, ನಾಲ್ಕು ಗಂಟೆಗೆ ಕಾಫಿ, ರಾತ್ರಿ ರಾಗಿ. ಮುಂದಿನ ತಿಂಗಳು ಮತ್ತೆ ಥೆರಪಿಸ್ಟ್ ನೋಡ್ತಾರೆ, ಲೆವೆಲ್ ಇಳಿಸಬೋದಾ ಅಂತ.

ಗಂಟಲು_ಡೆಸ್ಕ್:
ಆ ಮರು ಪರೀಕ್ಷೆ ತಪ್ಪಿಸ್ಬೇಡಿ. ಸ್ಟ್ರೋಕ್ ಆದೋರಲ್ಲಿ ತುಂಬ ಜನಕ್ಕೆ ನುಂಗೋದು ನಿಧಾನಕ್ಕೆ ವಾಪಸ್ ಬರುತ್ತೆ, ಆದ್ರೆ ಯಾರೂ ಮತ್ತೆ ನೋಡ್ದೆ ವರ್ಷಗಟ್ಲೆ ಗಮ್ ಕುಡ್ಕೊಂಡೇ ಇರೋರನ್ನೂ ನೋಡಿದೀನಿ.

ಸುಮ್ನೆ_ಓದೋನು:
ಅಕ್ಕ ಕೊನೇ ಡೌಟು, ಪುಡಿಯಲ್ಲಿ ಚಿಕೋರಿ ಎಷ್ಟು ಹಾಕ್ತೀರಾ? ಚಿಕೋರಿ ಇದ್ರೆ ಡಿಕಾಕ್ಷನ್ ಇನ್ನೂ ಗಟ್ಟಿ ಬರುತ್ತಲ್ಲ.

ಹೇಮಾವತಿ_ದಂಡೆ:
ಹಾಕಿ ನೋಡ್ದೆ. ಅಂಟು ಸಹಿಸ್ಕೋತೀನಿ, ಚಿಕೋರಿ ಆಗಲ್ಲ ಅಂದ್ರು ಅಪ್ಪ.